ಕ್ಯೂಬ್ಸ್ ಓಎಸ್: ಎಲ್ಲಾ ಇಷ್ಟ, ಕನ್ನಡದ ಟೈಟಲ್ ಒಂದು ಬಿಟ್ಟು

ಕೆಲವು ವರ್ಷಗಳಿಂದ ದಿನದ ಕೆಲಸವೆಲ್ಲ ಕ್ಯೂಬ್ಸ್‌ನಲ್ಲೇ. ಒಂದೊಂದು ಬಗೆಯ ಕೆಲಸವನ್ನೂ ಬೇರೆ ಬೇರೆ ಇಡುವ ಆಪರೇಟಿಂಗ್ ಸಿಸ್ಟಂ ಇದು. ಮೇಲ್‌ಗೊಂದು, ಬ್ಯಾಂಕಿಗೊಂದು, ಬರವಣಿಗೆಗೊಂದು ವರ್ಚುಯಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್. ನನಗೆ ಹಿಡಿಸಿದ್ದು ಬೇರೆ: ಒಳಗಿನ ಸಾಫ್ಟ್‌ವೇರ್ ಏನೇ ಕೇಳಲಿ, ಕೊಡಬೇಕೋ ಬೇಡವೋ ಅನ್ನೋದು ಅದರ ಕೈಲಿಲ್ಲ.

ಕಾಪಿ-ಪೇಸ್ಟನ್ನೇ ನೋಡಿ. ಮೊದಲು ಕಂಟ್ರೋಲ್-ಸಿ, ಆಮೇಲೆ ಕಂಟ್ರೋಲ್-ಶಿಫ್ಟ್-ಸಿ, ಇನ್ನೊಂದು ಮಷೀನಿನ ಕಿಟಕಿಗೆ ಹೋಗಿ ಕಂಟ್ರೋಲ್-ಶಿಫ್ಟ್-ವಿ, ಕೊನೆಗೆ ಕಂಟ್ರೋಲ್-ವಿ. ಬೆರಳಿಗೆ ಈಗ ಇದು ಎಷ್ಟು ರೂಢಿಯಾಗಿದೆ ಅಂದರೆ ಬೇರೆಯವರ ಕಂಪ್ಯೂಟರಲ್ಲೂ ಹಾಗೇ ಒತ್ತುತ್ತೇನೆ. ನಾನು ಒತ್ತದೆ ಬ್ಯಾಂಕಿನ ಮಷೀನಿನ ಪಾಸ್‌ವರ್ಡ್ ಬ್ರೌಸರ್ ಮಷೀನಿಗೆ ಹೋಗುವುದಿಲ್ಲ. ಫೈಲ್ ಕಳಿಸುವಾಗಲೂ ಅಷ್ಟೇ, ಎಲ್ಲಾ ಮಷೀನುಗಳನ್ನೂ ನೋಡಿಕೊಳ್ಳುವ ಡಾಮ್‌ಝೀರೋ ಅನ್ನುವ ಮುಖ್ಯ ಮಷೀನ್ ಒಂದು ಚಿಕ್ಕ ಕಿಟಕಿ ತೆರೆದು ಯಾರಿಗೆ ಅಂತ ನನ್ನನ್ನೇ ಕೇಳುತ್ತದೆ.

ತಳದಲ್ಲೂ, ಅಂದರೆ ಈ ಮಷೀನುಗಳನ್ನೆಲ್ಲ ಬೇರೆ ಬೇರೆ ಇಟ್ಟು ನಡೆಸುವ ಜೆನ್ ಅನ್ನುವ ಸಾಫ್ಟ್‌ವೇರಿನಲ್ಲೂ, ಇದೇ ಬಿಗಿ. ಹಳೆಯ ಪ್ಯಾರಾವರ್ಚುಯಲ್ ಪದ್ಧತಿಯಲ್ಲಿ ಗೆಸ್ಟ್ ಕರ್ನಲ್ (ಒಳಗಿನ ಮಷೀನಿನ ಓಎಸ್‌ನ ತಿರುಳು) ತನ್ನ ಪೇಜ್ ಟೇಬಲ್ (ಮೆಮೊರಿಯಲ್ಲಿ ಯಾವುದು ಎಲ್ಲಿದೆ ಅನ್ನೋ ಪಟ್ಟಿ) ಬದಲಿಸಬೇಕಾದರೂ ಜೆನ್‌ಗೆ ಹೈಪರ್‌ಕಾಲ್, ಅಂದರೆ ಕೋರಿಕೆಯ ಕರೆ, ಮಾಡಬೇಕಿತ್ತು. ಆ ಕರೆ ಸರಿಯಾಗಿದೆಯಾ ಅಂತ ನೋಡುವ ಕೋಡಿನಲ್ಲೇ ತೂತು ಇತ್ತು. 2015ರಲ್ಲಿ ಬಯಲಾದ ಎಕ್ಸ್‌ಎಸ್‌ಎ-148 (ಜೆನ್‌ನ ಭದ್ರತಾ ಸೂಚನೆಗಳಲ್ಲಿ ಆ ತೂತಿನ ಸಂಖ್ಯೆ) ಅಂತೂ ವರ್ಷಗಟ್ಟಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅದನ್ನು ಬಳಸಿ ಗೆಸ್ಟ್ ಇಡೀ ಯಂತ್ರವನ್ನೇ ಹಿಡಿಯಬಹುದಿತ್ತು. 2017ರಲ್ಲಿ ಇನ್ನೊಂದು ತೂತು, ಎಕ್ಸ್‌ಎಸ್‌ಎ-212 ಬಂತು. 2018ರ ಕ್ಯೂಬ್ಸ್ 4.0 ಆವೃತ್ತಿಯಲ್ಲಿ ಹೆಚ್ಚಿನ ಮಷೀನುಗಳು ಪ್ರೊಸೆಸರಿನದೇ ವರ್ಚುಯಲೈಸೇಷನ್‌ಗೆ ಬದಲಾದವು, ಪೇಜ್ ಟೇಬಲ್‌ಗೆ ಆ ಕರೆಯೇ ಬೇಡವಾಯಿತು. ಸರಿಯಾದ ಕೆಲಸ.

ಆದರೆ ಇದೇ ಬಿಗಿ ಕನ್ನಡದವರಿಗೆ ಚುಚ್ಚುತ್ತದೆ. ಕಿಟಕಿಯ ಟೈಟಲ್ ಬರೆಯುವುದು ಡಾಮ್‌ಝೀರೋ. ಗೆಸ್ಟ್ ಕೊಟ್ಟ ಯೂನಿಕೋಡ್ ಅಕ್ಷರ ಬಿಡಿಸಲು ಹೋಗಿ ಅಲ್ಲಿಗೇ ಅಪಾಯ ಬರಬಾರದು ಅಂತ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ) ಬಿಟ್ಟು ಮಿಕ್ಕ ಅಕ್ಷರಗಳನ್ನೆಲ್ಲ ಅಂಡರ್‌ಸ್ಕೋರ್ ಗೆರೆ (_) ಮಾಡಿಬಿಡುತ್ತಾರೆ. ಕನ್ನಡದ ನಾಲ್ಕು ಫೈಲ್ ತೆರೆದಿಟ್ಟು ಆಲ್ಟ್-ಟ್ಯಾಬ್ ಒತ್ತಿ ನೋಡಿ, ಬರೀ ಗೆರೆಗಳ ಸಾಲು! ಇಂಗ್ಲಿಷಿನವರಿಗೆ ಸುಮ್ನೆ ಸಿಗುವುದಕ್ಕೆ ನಾವು ಭದ್ರತೆ ಸಡಿಲಿಸಬೇಕು. ಇದು ನ್ಯಾಯ ಅಲ್ಲ ಅಲ್ವಾ? ಕಾರಣ ಅರ್ಥವಾಗುತ್ತೆ, ಬೇಜಾರು ಹೋಗಲ್ಲ.

ಮಷೀನ್‌ವಾರು ಇದನ್ನು ಬದಲಿಸಬಹುದು, ಯುಟಿಎಫ್-8 (ಅಂದರೆ ಯೂನಿಕೋಡ್) ಟೈಟಲ್‌ಗೆ ಅವಕಾಶ ಕೊಡುವ ಫೀಚರ್ ಇದೆ. ನೆಟ್ ಇಲ್ಲದ ಬರವಣಿಗೆ ಮಷೀನಿಗೆ ಮಾತ್ರ ಆನ್ ಮಾಡಿಕೊಂಡಿದ್ದೇನೆ. ಬ್ರೌಸರಿಗೆ ಮಾಡಿಲ್ಲ, ಮಾಡುವುದೂ ಇಲ್ಲ.

ತಗೊಳ್ಳುವವರಿಗೆ: 16 ಜಿಬಿ ರ‍್ಯಾಮ್ ಇಲ್ಲದಿದ್ದರೆ ಕೈ ಹಾಕಬೇಡಿ. ಹೊಸ ಲ್ಯಾಪ್‌ಟಾಪ್ ಬಜೆಟ್ ಇರಲಿಲ್ಲ, ಸೆಕೆಂಡ್ ಹ್ಯಾಂಡ್ ತಗೊಂಡು ರ‍್ಯಾಮ್ ಹಾಕಿಸಿದೆ, ಸಾಕಾಗಿದೆ. ಗೇಮ್ ಆಡುವವರಿಗೆ, ವಿಡಿಯೋ ಎಡಿಟ್ ಮಾಡುವವರಿಗೆ ಇದು ಬೇಡ.