ಹಾರರ್ ಕಾದಂಬರಿಗಳು: ಯಾವುದು ಮೊದಲು, ಯಾವುದು ಆಮೇಲೆ

ಹಾರರ್ ಓದಲು ಹೊರಟವರು ಸಾಮಾನ್ಯವಾಗಿ ‘ಡ್ರಾಕುಲಾ’ ಹಿಡಿಯುತ್ತಾರೆ, ಅರ್ಧಕ್ಕೆ ಬಿಡುತ್ತಾರೆ. ತಪ್ಪು ಅವರದಲ್ಲ. ಬ್ರಾಮ್ ಸ್ಟೋಕರ್‌ನ ಈ 1897ರ ಕಾದಂಬರಿಯ ಮೊದಲ ನಾಲ್ಕು ಅಧ್ಯಾಯ, ಅಂದರೆ ರಕ್ತ ಹೀರುವ ಕೌಂಟ್ ಡ್ರಾಕುಲಾನ ಕೋಟೆಯಲ್ಲಿ ಸಿಕ್ಕಿಬಿದ್ದ ಯುವ ವಕೀಲ ಹಾರ್ಕರ್‌ನ ದಿನಚರಿ, ಇವತ್ತಿಗೂ ಎದೆ ಝಲ್ಲೆನಿಸುತ್ತದೆ. ಹಾರ್ಕರ್ ಕನ್ನಡಿ ಮುಂದೆ ಗಡ್ಡ ಹೆರೆಯುತ್ತಿದ್ದಾನೆ. ಹೆಗಲ ಮೇಲೊಂದು ಕೈ ಬೀಳುತ್ತದೆ. ಕನ್ನಡಿಯಲ್ಲಿ ಹಿಂದಿನ ಕೋಣೆಯೆಲ್ಲ ಕಾಣುತ್ತಿದೆ, ಕೈಯಿಟ್ಟವನೇ ಇಲ್ಲ. ಐದನೇ ಅಧ್ಯಾಯದಿಂದ ಕೌಂಟ್ ಮರೆಗೆ ಸರಿಯುತ್ತಾನೆ, ಪತ್ರಗಳು, ಟೆಲಿಗ್ರಾಂಗಳು, ಪತ್ರಿಕೆಯ ತುಣುಕುಗಳು ಶುರುವಾಗುತ್ತವೆ. ಓದುಗರು ಜಾರುವುದು ಇಲ್ಲೇ. ಏಳನೇ ಅಧ್ಯಾಯದ ಹಡಗಿನ ದಿನಚರಿಯವರೆಗಾದರೂ ತಡೆದುಕೊಳ್ಳಿ: ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ, ಕಡೆಗೆ ಕಪ್ತಾನ ತನ್ನನ್ನೇ ಚುಕ್ಕಾಣಿಗೆ ಕಟ್ಟಿಕೊಳ್ಳುತ್ತಾನೆ. ಡ್ರಾಕುಲಾನ ಬೆನ್ನು ಹತ್ತುವ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್‌ನ ಉದ್ದುದ್ದ ಉಪನ್ಯಾಸಗಳನ್ನು ಕಣ್ಣಾಡಿಸಿ ದಾಟಿದರೂ ಕತೆಗೆ ನಷ್ಟವಿಲ್ಲ.

ಹೊಸಬರಿಗೆ ಸರಿಯಾದ ಬಾಗಿಲು ಸೂಸನ್ ಹಿಲ್ ಅವರ ‘ದಿ ವುಮನ್ ಇನ್ ಬ್ಲ್ಯಾಕ್’ (1983). ತೆಳ್ಳಗಿನ ಪುಸ್ತಕ, ಒಂದೆರಡು ರಾತ್ರಿಯಲ್ಲಿ ಮುಗಿಯುತ್ತದೆ. ಜೌಗಿನ ನಡುವೆ ಒಂಟಿ ಮನೆ, ಉಬ್ಬರ ಬಂದಾಗ ಮುಳುಗುವ ದಾರಿ, ಸತ್ತವಳ ಕಾಗದಪತ್ರ ಜೋಡಿಸಲು ಬಂದ ಯುವ ವಕೀಲ. ಮಂಜಿನೊಳಗೆ ಕುದುರೆಗಾಡಿಯ ಸದ್ದು, ಜೊತೆಗೆ ಮಗುವಿನ ಕೂಗು. ಕಣ್ಣಿಗೆ ಏನೂ ಬೀಳುವುದಿಲ್ಲ, ಎಲ್ಲ ಕಿವಿಯಿಂದಲೇ. ಇದು ಹಿಡಿಸಿದರೆ ಮಾತ್ರ ಹೆನ್ರಿ ಜೇಮ್ಸ್‌ನ ‘ದಿ ಟರ್ನ್ ಆಫ್ ದಿ ಸ್ಕ್ರೂ’ಗೆ (1898) ಹೋಗಿ. ಅವನ ವಾಕ್ಯಗಳು ಬಳ್ಳಿಯಂತೆ ಹಬ್ಬುತ್ತವೆ, ದಣಿದ ತಲೆಗೆ ದಕ್ಕುವುದಿಲ್ಲ.

ಇಡೀ ಪಟ್ಟಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಅಂದರೆ ಶರ್ಲಿ ಜಾಕ್ಸನ್ ಅವರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ (1959). ದೆವ್ವದ ಮನೆಯೆಂದು ಹೆಸರಾದ ಹಿಲ್ ಹೌಸ್‌ಗೆ ಬಂದು ಉಳಿದ ಎಲಿನರ್, ಕತ್ತಲಲ್ಲಿ ಗೆಳತಿಯ ಕೈಯನ್ನು ಬಿಗಿಯಾಗಿ ಹಿಡಿದು ಮಲಗಿದ್ದಾಳೆ. ದೀಪ ಹತ್ತಿದಾಗ ಗೆಳತಿ ಅಷ್ಟು ದೂರದ ಹಾಸಿಗೆಯಲ್ಲಿ. ಹಾಗಾದರೆ ಹಿಡಿದಿದ್ದು ಯಾರ ಕೈ? ಜಾಕ್ಸನ್ ಉತ್ತರ ಕೊಡದೆ ಮುಂದಕ್ಕೆ ಹೋಗುತ್ತಾರೆ, ಓದುಗ ಅಲ್ಲೇ ಉಳಿಯುತ್ತಾನೆ. ಇದನ್ನು ವೇಗವಾಗಿ ಓದಿದರೆ ‘ಏನೂ ಆಗಲೇ ಇಲ್ಲವಲ್ಲ’ ಅನ್ನಿಸುತ್ತದೆ. ಎಲಿನರ್ ತನ್ನ ಬಗ್ಗೆ ಇತರರಿಗೆ ಹೇಳುವ ಪುಟ್ಟ ಸುಳ್ಳುಗಳ ಮೇಲೆ ಕಣ್ಣಿಡಿ. ಮನೆ ಅವಳನ್ನು ಒಳಗೆಳೆದುಕೊಳ್ಳುವುದು ಆ ಸಂದಿಯಿಂದ.

ಸ್ಟೀಫನ್ ಕಿಂಗ್‌ನ ‘ದಿ ಶೈನಿಂಗ್’ (1977) ಓದುವುದಾದರೆ ಇದಾದ ಮೇಲೆ. ಚಳಿಗಾಲಕ್ಕೆ ಮುಚ್ಚಿದ ಹೋಟೆಲನ್ನು ಕಾಯಲು ಹೆಂಡತಿ, ಮಗನೊಂದಿಗೆ ಬಂದ ಅಪ್ಪನ ಕತೆ ಇದು. ಸಿನಿಮಾ ನೋಡಿದ್ದೇವೆ, ಇನ್ನೇನಿದೆ ಅನ್ನುವವರಿಗೆ: ಸಿನಿಮಾದ 237ನೇ ಕೋಣೆ ಪುಸ್ತಕದಲ್ಲಿ 217, ಹೋಟೆಲ್ ತೋಟದ ಪೊದೆಗಳನ್ನು ಕತ್ತರಿಸಿ ಮಾಡಿದ ಪ್ರಾಣಿಗಳು ಸಿನಿಮಾದಲ್ಲಿಲ್ಲ, ಕಾದಂಬರಿಯ ಅತಿ ಭಯಾನಕ ಪುಟಗಳಲ್ಲಿ ಅವೂ ಸೇರಿವೆ. ನಿಜವಾದ ಯಂತ್ರ ಮಾತ್ರ ನೆಲಮಾಳಿಗೆಯ ಹಳೆಯ ಬಾಯ್ಲರ್. ಅದರ ಒತ್ತಡವನ್ನು ಆಗಾಗ ಇಳಿಸುತ್ತಿರಬೇಕು ಎಂದು ಕಿಂಗ್ ಆರಂಭದಲ್ಲೇ ಹೇಳಿಬಿಡುತ್ತಾನೆ. ಅಪ್ಪನ ಸಿಟ್ಟು ಏರಿದಂತೆಲ್ಲ ನಮಗೆ ಆ ಒತ್ತಡಮಾಪಕದ ಮುಳ್ಳು ನೆನಪಾಗುತ್ತಿರುತ್ತದೆ. ಅವನದೇ ‘ಪೆಟ್ ಸೆಮೆಟರಿ’ (1983) ಇನ್ನೂ ಕ್ರೂರ. ಪುಟ್ಟ ಮಕ್ಕಳಿರುವವರು ಯೋಚಿಸಿ ಕೈಗೆತ್ತಿಕೊಳ್ಳಿ. ‘ಇಟ್’ ಸಾವಿರ ಪುಟ ದಾಟುತ್ತದೆ, ಅದರಿಂದ ಶುರು ಮಾಡಬೇಡಿ.

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕೊಳ್ಳುವಾಗ ಯಾವ ವರ್ಷದ ಆವೃತ್ತಿ ಎಂದು ಒಳಪುಟದಲ್ಲಿ ನೋಡಿ. 1818ರದ್ದು ಮೂಲ, 1831ರದ್ದು ಆಕೆಯೇ ತಿದ್ದಿದ್ದು. ತಿದ್ದಿದ್ದರಲ್ಲಿ, ಜೀವಿಯೊಂದನ್ನು ಸೃಷ್ಟಿಸಿದ ವಿಕ್ಟರ್ ತನ್ನ ತಪ್ಪನ್ನೆಲ್ಲ ವಿಧಿಯ ಮೇಲೆ ಹಾಕುತ್ತಾನೆ. ಮೂಲದಲ್ಲಿ ಆ ನೆಪ ಅಷ್ಟು ಸುಲಭವಾಗಿ ಸಿಗುವುದಿಲ್ಲ, ಹಾಗಾಗಿ ಹೆಚ್ಚು ಚುಚ್ಚುತ್ತದೆ. ಮಕ್ಕಳಿಗೆಂದು ಸಂಕ್ಷೇಪಿಸಿದ ಆವೃತ್ತಿ ಬೇಡ. ಮಧ್ಯಭಾಗದಲ್ಲಿ ಆ ಜೀವಿಯೇ ತನ್ನ ಕತೆ ಹೇಳಿಕೊಳ್ಳುವ ಅಧ್ಯಾಯಗಳಿವೆ; ಅವು ಮೊಟಕಾದರೆ ಉಳಿಯುವುದು ಬರೀ ರಾಕ್ಷಸ. ಯಾವ ಕ್ಲಾಸಿಕ್ ಆದರೂ ವಿದ್ವಾಂಸರ ಪ್ರಸ್ತಾವನೆಯನ್ನು ಕಡೆಗೆ ಓದಿ. ಅದರಲ್ಲಿ ಕೊನೆಯ ಗುಟ್ಟನ್ನು ಸಂಕೋಚವಿಲ್ಲದೆ ಒಡೆದಿರುತ್ತಾರೆ.

ಹೊಸದರಲ್ಲಿ ಸಿಲ್ವಿಯಾ ಮೊರೆನೊ-ಗಾರ್ಸಿಯಾ ಅವರ ‘ಮೆಕ್ಸಿಕನ್ ಗಾಥಿಕ್’ (2020) 1950ರ ದಶಕದ ಮೆಕ್ಸಿಕೋದಲ್ಲಿ ನಡೆಯುತ್ತದೆ. ಮೊದಲರ್ಧ ಕುಂಟುತ್ತದೆ, ನಿಜ. ಆದರೆ ಗೋಡೆಯ ಬೂಷ್ಟಿನ ಮಾತು ಬಂದಲ್ಲೆಲ್ಲ ನಿಧಾನಿಸಿ, ಅದು ಬರೀ ಅಲಂಕಾರವಲ್ಲ. ಮಾರ್ಕ್ ಡೇನಿಯಲೆವ್‌ಸ್ಕಿಯ ‘ಹೌಸ್ ಆಫ್ ಲೀವ್ಸ್’ನಲ್ಲಿ (2000) ಮನೆಯ ಒಳಗಿನ ಅಳತೆ ಹೊರಗಿನದಕ್ಕಿಂತ ಕಾಲು ಇಂಚು ಜಾಸ್ತಿ ಬರುತ್ತದೆ, ಅಲ್ಲಿಂದ ಎಲ್ಲ ಕೆಡುತ್ತದೆ. ಅಕ್ಷರಗಳು ಓರೆಯಾಗಿ, ತಲೆಕೆಳಗಾಗಿ ನಿಂತಿರುತ್ತವೆ, ಅಡಿಟಿಪ್ಪಣಿಗೂ ಅಡಿಟಿಪ್ಪಣಿ. ಅಚ್ಚಾದ ಪ್ರತಿಯನ್ನೇ ಕೊಳ್ಳಿ. ಪುಸ್ತಕವನ್ನೇ ತಿರುಗಿಸುತ್ತ ಓದಬೇಕು. ಪ್ರತಿ ಟಿಪ್ಪಣಿಯ ಬೆನ್ನು ಹತ್ತಿದರೆ ಸುಸ್ತಾಗುತ್ತೀರಿ, ಮೊದಲ ಓದಿಗೆ ಮನೆಯ ಕತೆಯ ಎಳೆ ಸಾಕು.

ಸಮಂತಾ ಶ್ವೆಬ್ಲಿನ್ ಅವರ ‘ಫೀವರ್ ಡ್ರೀಮ್’ (ಸ್ಪ್ಯಾನಿಷ್ ಮೂಲ 2014) ಇದಕ್ಕೆ ತದ್ವಿರುದ್ಧ, ಒಂದು ಸಂಜೆಯ ಓದು. ಹಾಸಿಗೆ ಹಿಡಿದ ಹೆಂಗಸು, ಪಕ್ಕದಲ್ಲಿ ಅವಳದಲ್ಲದ ಮಗು. ಅವನು ಕೇಳುತ್ತಾನೆ, ಅವಳು ನೆನಪಿಸಿಕೊಳ್ಳುತ್ತಾಳೆ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಅವನೇ ತೀರ್ಮಾನಿಸುತ್ತಾನೆ. ಅಧ್ಯಾಯಗಳೇ ಇಲ್ಲದ್ದರಿಂದ ಗುರುತಿನ ಚೀಟಿ ಇಟ್ಟು ಏಳಲು ಜಾಗ ಸಿಗುವುದಿಲ್ಲ. ಊಟ ಮುಗಿಸಿಕೊಂಡೇ ಕೂತುಕೊಳ್ಳಿ.