ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್: ಮೂರರಲ್ಲಿ ಯಾವುದು ಯಾರಿಗೆ?

ತುಮಕೂರಿನ ಶಿರಾ ಗೇಟ್ ಬಳಿಯ ಅಣ್ಣತಮ್ಮಂದಿರಿಬ್ಬರು ಮನೆಯ ಒಂದೇ ಕಂಪ್ಯೂಟರಿನಲ್ಲಿ ಎದುರುಬದುರು ಆಡಲು, ಮಾರ್ವೆಲ್ ಕಾಮಿಕ್ಸ್ ವೀರರೂ ಕ್ಯಾಪ್‌ಕಾಮ್ ಕಂಪನಿಯ ಆಟಗಳ ಪಾತ್ರಗಳೂ ಕಾದಾಡುವ 'ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್' ಸರಣಿಯ ಯಾವ ಆಟವನ್ನು ಕೊಳ್ಳಬೇಕೆಂದು ಕೇಳಿದ್ದಾರೆ.

ಅಭಿಮಾನಿಗಳ ವಾದವೆಲ್ಲ ಮೊದಲು ಪಾತ್ರಗಳ ಸುತ್ತಲೇ ನಡೆಯುತ್ತದೆ. 2000ದ ಎರಡನೆಯ ಆಟದಲ್ಲಿ 56 ಪಾತ್ರಗಳಿವೆ. 2011ರ 'ಅಲ್ಟಿಮೇಟ್' ಮೂರನೆಯ ಆಟದ ಕಂಪ್ಯೂಟರ್ ಆವೃತ್ತಿಯಲ್ಲಿ 50 ಇವೆ. 2017ರ 'ಇನ್ಫಿನಿಟ್' 30 ಪಾತ್ರಗಳೊಂದಿಗೆ ಬಂದಿತು, ಮತ್ತು ಈ ಸರಣಿಗೆ ಬುನಾದಿ ಹಾಕಿದ ಎಕ್ಸ್‌-ಮೆನ್ ವೀರರಲ್ಲಿ ಒಬ್ಬರೂ ಅದರಲ್ಲಿ ಇಲ್ಲದಿರುವುದು ನನಗೆ ಇಂದಿಗೂ ನೋವಿನ ಸಂಗತಿ. ವುಲ್ವರಿನ್ ಬೇಕೇ ಬೇಕೆನ್ನುವವರು ಅದನ್ನು ಬಿಡುವುದೇ ಸರಿ.

ಆದರೆ ಆಟದ ರೀತಿಯನ್ನು ನೋಡಿದರೆ ತಕ್ಕಡಿ ವಾಲುತ್ತದೆ. ಹಳೆಯ ಎರಡರಲ್ಲಿಯೂ ಮೂವರ ತಂಡವಿದ್ದು, ಹೊರಗಿರುವ ಜೊತೆಗಾರನನ್ನು ಕ್ಷಣಮಾತ್ರ ನೆರವಿಗೆ ಕರೆಯಬಹುದಾದ್ದರಿಂದ, ಪರದೆಯ ಗದ್ದಲದಲ್ಲಿ ಹೊಸಬರು ದಿಕ್ಕು ತಪ್ಪುತ್ತಾರೆ. 'ಇನ್ಫಿನಿಟ್' ಇಬ್ಬರ ತಂಡಕ್ಕೆ ಇಳಿದು, ಆ ನೆರವನ್ನು ಕೈಬಿಟ್ಟು, ಹೊಡೆತದ ನಡುವೆಯೇ ಪಾತ್ರ ಬದಲಿಸುವ ಅವಕಾಶವನ್ನೂ ವಿಶೇಷ ಶಕ್ತಿ ಕೊಡುವ ಆರು ಮಣಿಗಳಲ್ಲಿ ಒಂದನ್ನು ಆರಿಸುವ ಆಯ್ಕೆಯನ್ನೂ ಕೊಟ್ಟಿತು. ಈ ಬದಲಾವಣೆಯನ್ನು ದ್ರೋಹವೆನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಕಥೆ ಬೇಕಿದ್ದವರಿಗೂ 'ಇನ್ಫಿನಿಟ್' ಒಂದೇ ದಾರಿ.

ಬೆಲೆಯ ವಿಷಯದಲ್ಲಿ, ಎರಡನೆಯ ಆಟ 2024ರ ಸಂಗ್ರಹದಲ್ಲಿ ಏಳು ಆಟಗಳ ಪೈಕಿ ಒಂದಾಗಿ ದೊರೆಯುವುದರಿಂದ ಕೊಟ್ಟ ಹಣಕ್ಕೆ ಹೆಚ್ಚು ಸರಕು ಸಿಗುತ್ತದೆ. ಹಳೆಯ ಕಂಪ್ಯೂಟರಿಗೂ ಅದು ಭಾರವಾಗದು. ತಿಂಗಳುಗಟ್ಟಲೆ ಅಭ್ಯಾಸ ಮಾಡುವ ಹುಮ್ಮಸ್ಸು ಅಣ್ಣನಿಗೆ ಇದ್ದರೆ ಮೂರನೆಯದು ತಕ್ಕದ್ದು. ತಮ್ಮ ಇದೇ ಮೊದಲು ಇಂಥ ಆಟಕ್ಕೆ ಕೈಹಾಕುತ್ತಿದ್ದರೆ 'ಇನ್ಫಿನಿಟ್'ನಿಂದ ಆರಂಭಿಸಲಿ.