ಸಾಣಾಪುರ ಕೆರೆಗೆ ಕ್ಯಾಂಪರ್ ವ್ಯಾನ್: ಐದಕ್ಕೆ ಮೂರು ಸ್ಟಾರ್

ವ್ಯಾನ್ ಚೆನ್ನಾಗಿತ್ತು. ವ್ಯಾನ್ ಕೊಟ್ಟವರು ಫೋನಿನಲ್ಲಿ ಹೇಳಿದ ಮಾತುಗಳಲ್ಲಿ ಅರ್ಧ ಸುಳ್ಳಾಗಿತ್ತು. ಕಂಪನಿ ಹೆಸರು ಬರೆಯಲ್ಲ, ಜಗಳ ಆಡಿದ ಮೇಲೆ ಎರಡು ಸಾವಿರ ವಾಪಸ್ ಹಾಕಿದ್ದಾರೆ, ಹಾಗಾಗಿ ಲೆಕ್ಕ ಅಲ್ಲಿಗೆ ಚುಕ್ತಾ.

ನಾವು ರಾಯಚೂರಿನವರು, ಐದು ಜನ. ನಾನು, ಯಜಮಾನ್ರು, ಇಬ್ಬರು ಮಕ್ಕಳು, ಅತ್ತೆ. ಅತ್ತೆಗೆ ಮಂಡಿ ನೋವು, ಎಲ್ಲಿಗೆ ಕರೆದರೂ ಮೊದಲ ಪ್ರಶ್ನೆ ಸಂಡಾಸು ಹೆಂಗೈತಿ ಅಂತ. ಸಂಡಾಸು, ಹಾಸಿಗೆ, ಒಲೆ ಎಲ್ಲಾ ಜೊತೆಗೇ ಬರೋ ಗಾಡಿ ಬಾಡಿಗೆಗೆ ಸಿಗುತ್ತೆ ಅಂತ ಗೊತ್ತಾದಾಗ ಮನೆಯಲ್ಲಿ ಜಾಸ್ತಿ ಖುಷಿಪಟ್ಟವರು ಅವರೇ. ಮೊದಲು ಮುನಿರಾಬಾದಿನ ಪಂಪಾವನದ ಕಡೆ ಹೋಗೋಣ ಅಂತಿದ್ದೆವು, ಅಲ್ಲಿಂದ ಡ್ಯಾಮೂ ಹತ್ತಿರ, ಹುಲಿಗೆಮ್ಮನ ಗುಡಿಯೂ ಹತ್ತಿರ. ಮಕ್ಕಳು ಹರಿಗೋಲು ಬೇಕು ಅಂತ ಹಟ ಹಿಡಿದರು, ಹಂಪಿ ಹತ್ತಿರದ ಸಾಣಾಪುರ ಕೆರೆ ಅಂತ ಆಯ್ತು.

ಫೆಬ್ರವರಿ ಕೊನೆ ವಾರ, ಎರಡು ರಾತ್ರಿ, ದಿನಕ್ಕೆ 9,000, ಡೀಸೆಲ್ ಬೇರೆ, ಡ್ರೈವರ್ ಅವರ ಕಡೆಯಿಂದ. ಟ್ರಾವೆಲರ್ ಗಾಡಿಯನ್ನೇ ಒಳಗೆ ಬಿಚ್ಚಿ ಮನೆ ಮಾಡಿದ್ದಾರೆ. ಸೋಫಾ ಎಳೆದರೆ ಮಂಚ, ಮೇಲೊಂದು ಅಟ್ಟದ ಹಾಸಿಗೆ, ಹಿಂದೆ ಬಾತ್‌ರೂಮ್. ಮಾನ್ವಿ, ಸಿಂಧನೂರು, ಕಾರಟಗಿ ದಾಟಿ ಗಂಗಾವತಿಗೆ ಬರೋ ತನಕ ಒಂದು ದೂರೂ ಇಲ್ಲ. ಸಿಂಧನೂರಲ್ಲಿ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಓಡೋ ಗಾಡಿಯಲ್ಲೇ ಟೇಬಲ್ ಹಾಕಿಕೊಂಡು ತಿಂದೆವು. ಆನೆಗೊಂದಿ ಆಚೆಗೆ ಮಾತ್ರ ಡ್ರೈವರ್ ಹುಡುಗ ಎರಡು ಕಡೆ ಇಳಿದು ಕರೆಂಟಿನ ತಂತಿ ಎಷ್ಟು ಕೆಳಗಿದೆ ಅಂತ ನೋಡಬೇಕಾಯ್ತು, ಯಾಕಂದ್ರೆ ಗಾಡಿ ತಲೆಮೇಲೆ ಏಸಿ ಡಬ್ಬ ಕೂತಿದೆ.

ಕೆರೆ ದಂಡೆಯಲ್ಲೇ ರಾತ್ರಿ ಗಾಡಿ ನಿಲ್ಲಿಸಿ ಮಲಗೋ ಕನಸಿದ್ರೆ ಬಿಟ್ಟುಬಿಡಿ. ಸುತ್ತ ಬಂಡೆಗುಡ್ಡ, ಕರಡಿ ಚಿರತೆ ಓಡಾಡೋ ಸೀಮೆ. ಪರ್ಮಿಷನ್ ವಿಷಯದಲ್ಲೂ ಹುಷಾರಾಗಿರಬೇಕು. ಪಕ್ಕದ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಕೆಡವಿದ್ದು ನೆನಪಿದೆ ಅಲ್ವಾ? ನಾವು ಪರಿಚಯದವರ ಕಡೆಯಿಂದ ಕೇಳಿಸಿ, ಹೊಲದಲ್ಲಿ ಮನೆ ಇರೋ ಒಬ್ಬ ರೈತರ ಅಂಗಳದಲ್ಲಿ ನಿಲ್ಲಿಸಿದೆವು, ರಾತ್ರಿಗೆ 800. ಗಾಡಿ ನೋಡಿ ಆ ತಾತ ಕೇಳಿದ್ದು, "ಏನ್ರೀ, ಮನೀನ ಎತ್ಕೊಂಡ್ ಬಂದೀರಲ್ಲ!"

ಈಗ ಅಸಲಿ ವಿಷಯ. ಬುಕ್ ಮಾಡುವಾಗ "ಏಸಿ ರಾತ್ರಿಯಿಡೀ ಓಡುತ್ತೆ ಮೇಡಂ, ಮೇಲೆ ಸೋಲಾರ್ ಇದೆ" ಅಂದಿದ್ದರು. ಒಳಗಿನ ಬ್ಯಾಟರಿ ಮೇಲೆ ಬರೆದಿದ್ದು 12 ವೋಲ್ಟ್, 200 ಎಎಚ್, ಅಂದ್ರೆ ಆಂಪಿಯರ್ ಅವರ್. ಗುಣಿಸಿದರೆ 2,400 ವ್ಯಾಟ್ ಅವರ್, ಅಂದ್ರೆ ಮೀಟರಿನ ಲೆಕ್ಕದಲ್ಲಿ ಎರಡೂವರೆ ಯೂನಿಟ್ಟೂ ಇಲ್ಲ. ಏಸಿ ಗಂಟೆಗೆ ಒಂದು ಯೂನಿಟ್ ಹತ್ತಿರ ಎಳೆಯುತ್ತೆ. ಎರಡು ಗಂಟೆ ಕಥೆ ಅಷ್ಟೇ. ಈ ಲೆಕ್ಕ ನಾನು ಬುಕ್ ಮಾಡೋ ಮೊದಲು ಮಾಡಬೇಕಿತ್ತು, ಮಾಡಿದ್ದು ಕತ್ತಲಲ್ಲಿ ಕೂತಾಗ. ಇನ್ನು ಸೋಲಾರ್. ಮಧ್ಯಾಹ್ನದ ಬಿಸಿಲಿಗೆ ಹೆದರಿ ಬೇವಿನ ಮರದ ಕೆಳಗೆ ಗಾಡಿ ಹಾಕಿದ್ದೆವು. ನೆರಳಲ್ಲಿ ನಿಲ್ಲಿಸಿದರೆ ಸೋಲಾರ್ ಸಾಯುತ್ತೆ, ಬಿಸಿಲಲ್ಲಿ ನಿಲ್ಲಿಸಿದರೆ ನಾವು ಸಾಯ್ತೀವಿ. ನಮ್ಮ ಕಡೆ ಬೇಸಿಗೆಗೆ ಈ ಗಾಡಿ ಅಲ್ಲವೇ ಅಲ್ಲ.

ಮಧ್ಯಾಹ್ನ ಅತ್ತೆ ಮಲಗಿದ್ದಾಗ ಏಸಿ ಹಾಕಿದ್ದಕ್ಕೆ ರಾತ್ರಿ ಒಂಬತ್ತೂವರೆಗೆ ಎಲ್ಲಾ ಆಫ್. ದೀಪ, ಫ್ಯಾನು, ಫ್ರಿಜ್ಜು. ಸರಿ, ಹೊರಗೆ ತಂಪಿದೆ, ಕಿಟಕಿ ತೆಗೆದರಾಯ್ತು ಅಂತ ನಾವಿದ್ದರೆ, ಹಿಂದಿನ ಬಾತ್‌ರೂಮಿನಿಂದ ಅತ್ತೆ ಧ್ವನಿ: "ನೀರ ಬರವಲ್ದಲ್ಲಬೇ!" ನಲ್ಲಿಯೂ ಫ್ಲಶ್ಶೂ ನಡೆಯೋದು ಸಣ್ಣ ಪಂಪಿನ ಮೇಲೆ, ಪಂಪು ಅದೇ ಬ್ಯಾಟರಿ ಮೇಲೆ. ಟ್ಯಾಂಕಿನಲ್ಲಿ ನೀರಿದೆ, ಬಗ್ಗಿಸಿಕೊಳ್ಳೋಕೆ ದಾರಿ ಇಲ್ಲ. "ಅಕ್ಕಾರ, ಬ್ಯಾಟರಿ ಕುಂತ್ರ ಪಂಪೂ ಕುಂತಂಗ" ಅಂತ ಡ್ರೈವರ್ ತತ್ವ ಹೇಳಿದ. ತಾತನ ಮನೆಯಿಂದ ಚೊಂಬಿನಲ್ಲಿ ನೀರು ತಂದು ಬಾಗಿಲ ಸಂದಿಯಿಂದ ಒಳಗೆ ಕೊಟ್ಟೆ. ಮಕ್ಕಳು ಇನ್ನೂ ನಗ್ತಾರೆ, ಅತ್ತೆ ಇನ್ನೂ ನಗಲ್ಲ.

ಮನೆ ಕರೆಂಟಿಗೆ ಹಾಕೋಣ ಅಂದ್ರೆ, ಗಾಡಿ ಜೊತೆ ಕೊಟ್ಟ ಕೇಬಲ್ಲಿನ ತುದಿಯಲ್ಲಿ ಫ್ಯಾಕ್ಟರಿಗಳಲ್ಲಿ ಇರೋ ಥರದ ನೀಲಿ ಗುಂಡು ಪ್ಲಗ್. ಯಾವ ಮನೆಯ ಬೋರ್ಡಿಗೂ ಅದು ಕೂರಲ್ಲ. ಅಡಾಪ್ಟರ್ ಕೊಡೋದು ಮರೆತಿದ್ದರು. ಬೆಳಿಗ್ಗೆ ತಾತನ ಅಳಿಯ, ಮೋಟಾರ್ ರಿಪೇರಿ ಮಾಡೋರು, ಗಂಗಾವತಿಯಿಂದ 16 ಆಂಪಿಯರಿನ ಪ್ಲಗ್ ತಂದು ಹಾಕಿಕೊಟ್ಟ ಮೇಲೆ ಎಲ್ಲಾ ಸರಿಹೋಯ್ತು. ಆ ಪ್ಲಗ್ಗಿಗೆ ಆಗೋ ದುಡ್ಡಿಗೆ ಒಂದು ರಾತ್ರಿ ಹಾಳು.

ನೀರಿನ ಟ್ಯಾಂಕ್ 100 ಲೀಟರ್. ಐದು ಜನಕ್ಕೆ ತಲೆಗೆ 20, ಅಂದ್ರೆ ಒಂದೇ ಬಕೆಟ್. ಸ್ನಾನ ಹೊರಗೇ ಮಾಡಿ. ಗಾಡಿಯನ್ನು ಮನೆ ಕರೆಂಟಿಗೆ ಹಾಕದೆ ಕರೆಂಟ್ ಒಲೆ ಹಚ್ಚಿದರೆ ಇನ್ವರ್ಟರ್ ಕೀ ಅಂತ ಕೂಗಿ ಆಫ್ ಆಗುತ್ತೆ. ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಒಯ್ದಿದ್ದಕ್ಕೆ ಬದುಕಿದೆವು. ಬಿಸಿ ರೊಟ್ಟಿ ಬೇಕು ಅಂತ ಅತ್ತೆ ಆ ಮಡಚೋ ಟೇಬಲ್ ಮೇಲೆ ಹಿಟ್ಟು ತಟ್ಟೋಕೆ ಶುರು ಮಾಡಿದರು, ಎರಡನೇ ರೊಟ್ಟಿಗೆ ಟೇಬಲ್ಲಿನ ಕಾಲು ಮಡಚಿಕೊಂಡು ಹಿಟ್ಟು ಕೆಳಗೆ, ಗಾಡಿ ಪೂರ್ತಿ ಬಿಳಿ.

ಸಂಡಾಸಿನ ಡಬ್ಬದ್ದು ಯಾರೂ ಮೊದಲೇ ಹೇಳದ ವಿಷಯ. ಕೆಳಗೆ ಸೂಟ್‌ಕೇಸ್ ಥರ ಒಂದು ಡಬ್ಬ ಇರುತ್ತೆ, 20 ಲೀಟರ್ ಇರಬಹುದು, ಐದು ಜನಕ್ಕೆ ಒಂದೂವರೆ ದಿನಕ್ಕೆ ಭರ್ತಿ. ಖಾಲಿ ಮಾಡದೆ ವಾಪಸ್ ಕೊಟ್ಟರೆ 1,500 ದಂಡ. ಎಲ್ಲಿ ಖಾಲಿ ಮಾಡೋದು ಅಂತ ಕೇಳಿದ್ದಕ್ಕೆ "ಅಲ್ಲೇ ಎಲ್ಲಾದರೂ ನೋಡ್ಕೊಳ್ಳಿ ಮೇಡಂ" ಅಂದರು. ಎಲ್ಲಾದರೂ ಅಂದ್ರೆ? ಸಾಣಾಪುರದ ಕೆರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲೋ ಜಾಗ, ಅದೇ ನೀರು ಮುಂದೆ ಭತ್ತದ ಗದ್ದೆಗಳಿಗೆ ಹೋಗುತ್ತೆ. ಯಜಮಾನ್ರು ಮೂಗಿಗೆ ಟವೆಲ್ ಕಟ್ಟಿಕೊಂಡು ತಾತನ ಮನೆ ಸಂಡಾಸಿಗೇ ಸುರಿದು ಬಂದರು, ಕೇಳಿಕೊಂಡೇ. ಈ ಒಂದು ಉತ್ತರಕ್ಕೆ ನಾನು ಪೂರ್ತಿ ಒಂದು ಸ್ಟಾರ್ ಕಿತ್ತುಕೊಂಡಿದ್ದೇನೆ. ಇನ್ನೊಂದು ಬ್ಯಾಟರಿ ಸುಳ್ಳಿಗೆ ಹೋಯ್ತು.

ಕೆರೆ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ನೀವೇ ನೋಡಬೇಕು. ಹರಿಗೋಲಿನವರು ನಡುನೀರಿನಲ್ಲಿ ಬುಗುರಿ ಥರ ತಿರುಗಿಸ್ತಾರೆ, ಬೇಡ ಅಂದರೆ ಬಿಡ್ತಾರೆ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಈಜೋಕೆ ಇಳಿಯಬೇಡಿ, ಒಳಗೆಲ್ಲಾ ಬಂಡೆ. ಹೋಗೋದಾದ್ರೆ ನವೆಂಬರಿನಿಂದ ಜನವರಿ ಒಳಗೆ ಹೋಗಿ, ಆದರೆ ಡಿಸೆಂಬರಿನಲ್ಲಿ ಅಂಜನಾದ್ರಿ ಬೆಟ್ಟಕ್ಕೆ ಹನುಮಮಾಲೆ ಹಾಕಿದ ಭಕ್ತರು ಬರೋ ದಿನ ನೋಡಿಕೊಂಡು. ಆ ಜನಸಾಗರದಲ್ಲಿ ಇಷ್ಟು ದೊಡ್ಡ ಗಾಡಿ ತಿರುಗಿಸೋಕೂ ಜಾಗ ಸಿಗಲ್ಲ.

ಉಳಿದ ಮೂರು ಸ್ಟಾರಿನಲ್ಲಿ ಒಂದು ಹಾಸಿಗೆಗೆ, ಎರಡು ಡ್ರೈವರ್ ಹುಡುಗನಿಗೆ. ಮತ್ತೆ ಕರೆದರೆ ಬರ್ತೀರಾ ಅಂತ ಅತ್ತೆಯನ್ನು ಕೇಳಿದೆ. ಬರ್ತಾರಂತೆ, ಚೊಂಬು ಮಾತ್ರ ಮನೆಯಿಂದಲೇ ತರ್ತಾರಂತೆ.